ಅಂಗೈಯಗಲದ ಹಸಿರು

ನಾನು ನಿಂತಿದ್ದು ಬೆಳಗಾವಿಯ ಖಾಸಬಾಗದಲ್ಲಿ, ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಸ್ವಿಚ್ ಬೋರ್ಡಿನ ಪಕ್ಕ, ಬಲಗೈಯಿಂದ ಪ್ಲಗ್ಗನ್ನು ಗೋಡೆಗೆ ಒತ್ತಿ ಹಿಡಿದುಕೊಂಡು. ಎಂಬತ್ತಾರನೇ ಇಸವಿಯ ಬೇಸಿಗೆ, ಶನಿವಾರ, ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ನಮ್ಮ ಪ್ಲಗ್ ಸಡಿಲವಿತ್ತು. ಯಾರಾದರೂ ಒತ್ತಿ ಹಿಡಿಯದಿದ್ದರೆ ಕರೆಂಟು ಬರುತ್ತಿರಲಿಲ್ಲ. ಅಂದರೆ ಮುಂದೆ ಆದದ್ದಕ್ಕೆಲ್ಲ ವಿದ್ಯುತ್ ಒದಗಿಸಿದವನು ನಾನೇ. ತನ್ನ ಕೇಡಿಗೆ ತಾನೇ ಇಷ್ಟು ನಿಷ್ಠೆಯಿಂದ ಕೈಜೋಡಿಸುವವರು ಅಪರೂಪ ಎಂದು ಬಹಳ ಕಾಲ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಸುತ್ತ ನೋಡಿದರೆ ಎಲ್ಲರೂ ಒಂದಲ್ಲ ಒಂದು ಪ್ಲಗ್ ಹಿಡಿದೇ ನಿಂತಿದ್ದಾರೆ.

ಮರುದಿನ ಖಾನಾಪುರದವರು ನನ್ನ ತಂಗಿ ಶಾಂತಾಳನ್ನು ನೋಡಲು ಬರುವವರಿದ್ದರು. ಮೊದಲೂ ಹಲವರು ಬಂದು ಅವಲಕ್ಕಿ ತಿಂದು ಹೋಗಿದ್ದರು, ಯಾರೂ ತಿರುಗಿ ಸುದ್ದಿ ಕಳಿಸಿರಲಿಲ್ಲ. ಇದೂ ಹೋದರೆ ಇನ್ನು ಯಾರನ್ನೂ ಕರೆಯುವುದಿಲ್ಲ ಎಂದು ಅವ್ವ ಹೇಳಿಬಿಟ್ಟಿದ್ದಳು. ಅಂಥ ದಿನವೇ ಟೈ ಕಟ್ಟಿಕೊಂಡ ಮಾರಾಟಗಾರನೊಬ್ಬ ವ್ಯಾಕ್ಯೂಮ್ ಕ್ಲೀನರ್ ಹೊತ್ತು ಬಾಗಿಲಿಗೆ ಬಂದ. ಕಸ ಹೀರುವ ಆ ಯಂತ್ರದ ಕೊಳವೆಗೆ ಅಂಗೈಯಗಲದ ಒಂದು ಪಾರದರ್ಶಕ ಮೂತಿ ಸಿಕ್ಕಿಸಿದ. ಗಾಲೀಚ, ಸೋಫಾಗಳ ಮೇಲೆ ಕಲೆ ಬಿದ್ದರೆ ಅಷ್ಟೇ ಜಾಗ ತೊಳೆಯುವ ಮೂತಿ ಅದು. ಗುಂಡಿ ಒತ್ತಿದರೆ ಸೋಪಿನ ನೀರು ಚಿಮ್ಮುತ್ತದೆ, ಅದರ ಹಿಂದೆಯೇ ಕೊಳೆಸಹಿತ ನೀರನ್ನು ಯಂತ್ರ ಎಳೆದುಕೊಳ್ಳುತ್ತದೆ.

“ತಗೊಳ್ಳೂದು ಬ್ಯಾಡ್ರಿ ಅವ್ವಾರ, ಬರೇ ನೋಡ್ರಿ,” ಎಂದ. ಬರೇ ನೋಡುವುದಕ್ಕೆ ನಮ್ಮ ಮನೆಯಲ್ಲಿ ಯಾವತ್ತೂ ವಿರೋಧವಿರಲಿಲ್ಲ.

ನಮ್ಮ ಸೋಫಾ ಊರಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ, ವರ್ಗವಾಗಿ ಹೊರಟ ಒಬ್ಬ ಮಿಲಿಟರಿ ಅಧಿಕಾರಿಯಿಂದ ಕೊಂಡದ್ದು. ಬಣ್ಣ ಕಂದು. ಮನೆಗೆ ಬಂದಾಗಲೂ ಕಂದು, ನಾವು ಕುಳಿತಷ್ಟು ಕಾಲವೂ ಕಂದು. ಮಾರಾಟಗಾರ ಅದರ ನಟ್ಟನಡುವೆ ಮೂತಿಯನ್ನು ಒತ್ತಿ ಹಿಂದಕ್ಕೆಳೆದ. ಮೂತಿಯೊಳಗೆ ಹುಣಸೆ ಹುಳಿಯಂಥ ನೀರು ಏರಿತು. ಅದನ್ನು ಎತ್ತಿದಾಗ ಅಡಿಯಲ್ಲಿ ಗಿಳಿ ಹಸಿರು ಇತ್ತು.

ನನ್ನ ಹೆಂಡತಿ ಗಿರಿಜಾ ಬಗ್ಗಿ ಮೂಸಿ ನೋಡಿದಳು. “ಅತ್ತಿ, ನಮ್ಮ ಸೋಫಾ ಹಸರ ಐತ್ರಿ,” ಎಂದಳು. ಆಗ ಕರೆಂಟು ಹೋಯಿತು. ನಾನು ಪ್ಲಗ್ ಬಿಟ್ಟಿರಲಿಲ್ಲ, ಇಡೀ ಓಣಿಯದೇ ಹೋಗಿತ್ತು. ಮಾರಾಟಗಾರ ಒಂದಿಷ್ಟು ಹೊತ್ತು ಕಾದ, ಚಹಾ ಕುಡಿದ, ಸೋಮವಾರ ಬಂದು ಉಳಿದದ್ದನ್ನೂ ಮಾಡಿ ತೋರಿಸುತ್ತೇನೆಂದು ಯಂತ್ರ ಎತ್ತಿಕೊಂಡು ಹೋದ.

ಗಿರಿಜಾ ಬ್ರಷ್ಷಿನಿಂದ ಉಳಿದ ಸೋಫಾ ತಿಕ್ಕಿದಳು, ಕಂದು ಇನ್ನೂ ಕಂದಾಯಿತು. ಹಸಿರಿನ ಮೇಲೆ ಚಹಾ ಸವರಿದಳು, ಹಸಿರು ಇನ್ನೂ ಮಿಂಚಿತು. ಚಾದರ ಹೊದಿಸೋಣವೆಂದೆ. “ಹರದೈತಿ ಅಂತ ತಿಳಕೊಂತಾರ,” ಎಂದಳು ಅವ್ವ. ಕೊನೆಗೆ ಅವಳೇ ತೀರ್ಮಾನ ಕೊಟ್ಟಳು: “ಈರ್ಯಾ, ನೀ ಅದರ ಮ್ಯಾಲ ಕುಂದರು. ಅವರು ಹೋಗೂತನಕಾ ಏಳಬ್ಯಾಡ.”

ಭಾನುವಾರ ಬೆಳಿಗ್ಗೆಯೇ ಕುಳಿತೆ. ಖಾನಾಪುರದ ಬಸ್ಸು ತಡವಾಗಿತ್ತು. ಅವರು ಬಂದಾಗ ಊಟದ ಹೊತ್ತು ಸಮೀಪಿಸಿತ್ತು. ಮುಂದೆ ಹುಡುಗನ ಅಜ್ಜ, ಹಣೆ ತುಂಬ ವಿಭೂತಿ. ಹಿಂದೆ ಹುಡುಗ ಮಹಾಂತೇಶ. ಅಜ್ಜ ಎರಡೂ ಕೈ ಜೋಡಿಸಿ “ಶರಣ್ರೀ” ಎಂದರು. ನಮ್ಮವರಲ್ಲಿ ಇದಕ್ಕೆ ಎದ್ದು ನಿಂತು, ಬಾಗಿ, ಶರಣು ಹೇಳಿ, ಹಿರಿಯರಿಗೆ ಜಾಗ ಬಿಡಬೇಕು. ನಾನು ಕುಳಿತೇ ಶರಣು ಹೇಳಿದೆ. ಅಜ್ಜನ ಕೈ ಜೋಡಿಸಿದಂತೆಯೇ ಉಳಿಯಿತು.

“ಯಾಕ್ರೀ, ಏಳಾಕ ಆಗೂದಿಲ್ಲೇನು?”

“ಕಾಲು ಸರಿ ಇಲ್ರೀ ಅವಂದು,” ಎಂದಳು ಅವ್ವ.

“ಹುಟ್ಟಿದಾಗಿಂದ ಐತೇನ್ರೀ?”

ಎರಡನೇ ಪ್ರಶ್ನೆಗೆ ಅವ್ವ ಸಿದ್ಧಳಾಗಿರಲಿಲ್ಲ. “ಅವರಪ್ಪಗೂ ಹಿಂಗ ಇತ್ರಿ,” ಎಂದುಬಿಟ್ಟಳು. ಜಾಂಬೋಟಿಯ ಏರು ಸೈಕಲ್ಲಿನ ಮೇಲೆ ಹತ್ತುತ್ತಿದ್ದ ನಮ್ಮಪ್ಪ ಗೋಡೆಯ ಫೋಟೋದಿಂದ ಕೇಳಿಸಿಕೊಂಡ.

ಅಜ್ಜ ಕುರ್ಚಿಯ ಮೇಲೆ ನಿಧಾನ ಕುಳಿತರು. “ಮನಿತನದಾಗ ಐತಿ ಅನ್ರಿ ಹಂಗಾದ್ರ. ಹುಡುಗಿ ಒಂದೀಟು ನಡದು ತೋರಸ್ಲಿ.”

ಅವಲಕ್ಕಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಶಾಂತಾ ತಾಟನ್ನು ಕೆಳಗಿಟ್ಟಳು. “ಅಣ್ಣಾ, ಏಳು. ಹಸರ ಕಂಡ್ರ ಕಾಣ್ಲಿ. ನೀ ಕುಂಟ ಆಗೂದು ಬ್ಯಾಡ.”

ಎದ್ದೆ. ಬೆಳಿಗ್ಗೆಯಿಂದ ಮಡಚಿದ್ದ ಎಡಗಾಲು ಜೋಮು ಹಿಡಿದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನೇರ ಹೋಗಿ ಅಜ್ಜನ ಪಾದದ ಮೇಲೆ ಬಿದ್ದೆ. ಹಿಂದೆ ಹಸಿರು ಬಯಲಾಗಿ ಹೊಳೆಯುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ನನ್ನ ಕಾಲು ನೋಡುತ್ತಿದ್ದರು.

“ಪಾಪ, ಕಾಲು ಖರೇನ ಸರಿ ಇಲ್ಲ,” ಎಂದರು ಅಜ್ಜ, ನನ್ನ ರಟ್ಟೆ ಹಿಡಿದು ಎಬ್ಬಿಸುತ್ತ. ಮತ್ತೆ ಶಾಂತಾಳ ಕಡೆ ತಿರುಗಿದರು. “ನಡೀವಾ.”

ಶಾಂತಾಳ ಮುಖ ಕೆಂಪಾಗಿತ್ತು. ದನಿ ಮಾತ್ರ ಏರಲಿಲ್ಲ. “ನಡೀತೀನ್ರೀ ಅಜ್ಜಾರ. ಮೊದಲ ನಿಮ್ಮ ಮೊಮ್ಮಗಾ ನಡದು ತೋರಸ್ಲಿ.”

ಮುಗಿಯಿತು ಎಂದುಕೊಂಡೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜ ಹೊರಡಲು ಕೋಲು ಹುಡುಕಿದರು. ಆಗ, ಬಂದಾಗಿನಿಂದ ಒಂದು ಮಾತೂ ಆಡದಿದ್ದ ಮಹಾಂತೇಶ ಎದ್ದ. ಬಾಗಿಲತನಕ ನಡೆದ, ತಿರುಗಿದ, ಪರೀಕ್ಷೆಗೆ ಕುಳಿತವರ ಮುಖ ಮಾಡಿಕೊಂಡು ವಾಪಸು ಬಂದ. “ನಂದು ಆತ್ರಿ,” ಎಂದ. ಶಾಂತಾ ನಕ್ಕಳು. ನಗುತ್ತಲೇ ನಡೆದಳು. ಅಜ್ಜ ಕೋಲು ಬಿಟ್ಟು ಅವಲಕ್ಕಿಯ ತಾಟು ಎತ್ತಿಕೊಂಡರು.

ಒಪ್ಪಿಗೆ ಬಂತು, ಮದುವೆಯೂ ಆಯಿತು. ಅಕ್ಷತೆಯ ಹೊತ್ತಿಗೆ ಎಲ್ಲರೂ ನಿಂತಿದ್ದರೆ ಹುಡುಗನ ಕಡೆಯವರು ನನಗೊಬ್ಬನಿಗೆ ಕುರ್ಚಿ ತಂದಿಟ್ಟರು. ಅವ್ವ ದೂರದಿಂದ ನೋಡಿದಳು. ಕುಳಿತೆ. ಅಂದಿನಿಂದ ಖಾನಾಪುರದಲ್ಲಿ ನಾನು ಕುಂಟ. ನಂದಗಡದ ಸಂತೆಯಲ್ಲಿ ಒಮ್ಮೆ ಮೈಮರೆತು ಸರಸರ ನಡೆದೆ. ಬೀಗರ ಕಡೆಯ ಒಬ್ಬರು ಕಂಡು, ಯಾವ ಡಾಕ್ಟರರಿಗೆ ತೋರಿಸಿದಿರಿ ಎಂದು ವಿಳಾಸ ಕೇಳಿದರು. ಈಗ ಖಾನಾಪುರದಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಎಡಗಾಲು ತಾನಾಗಿಯೇ ಎಳೆಯುತ್ತದೆ.

ಅಜ್ಜ ತೀರಿಕೊಂಡರು. ಅವ್ವನೂ ಹೋದಳು. ಅಂದು ಆ ಪಡಸಾಲೆಯಲ್ಲಿದ್ದು, ನನ್ನ ಕಾಲು ಗಟ್ಟಿಯಿದೆ ಎಂದು ಬಲ್ಲವರಲ್ಲಿ ಇನ್ನೂ ಇರುವವರು ಗಿರಿಜಾ, ಶಾಂತಾ ಮತ್ತು ಮದುವೆಯಾದ ಮೇಲೆ ಅವಳಿಂದ ತಿಳಿದ ಮಹಾಂತೇಶ. ಈಗಲಾದರೂ ನಿನ್ನ ಗಂಡನ ಮನೆಯವರಿಗೆ ಖರೇ ಹೇಳಬಾರದೇ ಎಂದು ಹೋದ ಸಲ ಶಾಂತಾಳನ್ನು ಕೇಳಿದೆ.

“ಹೇಳಿದ್ರ ಅವ್ವ ಸುಳ್ಳು ಹೇಳಿದ್ಲು ಅಂತ ಆಗತೈತಿ, ಅಣ್ಣಾ. ನೀ ಆಗೊಮ್ಮಿ ಈಗೊಮ್ಮಿ ಬರಾಂವ. ಸುಮ್ನ ಕುಂಟು.”