ಬಾಡಿಗೆಯ ತೋಳು

ಮಣ್ಣಿನ ಗಡಿಗೆಗೆ ಕಲಾಯಿ ಬೇಕಾಗುವುದಿಲ್ಲ. ಹಳಿಯಾಳದ ಕಲಾಯಿ ಕಾಸಿಂಸಾಬನಿಗೆ ಬಂದ ಕಷ್ಟವೆಲ್ಲ ಇಷ್ಟೇ.

ಆ ವರ್ಷ ಪ್ಲೇಗು ಬಂದು, ಊರಿಗೆ ಊರೇ ಮನೆಗಳಿಗೆ ಬೀಗ ಜಡಿದು ದಾಂಡೇಲಿ ರಸ್ತೆಯ ಬದಿಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ತಾಮ್ರದ ಹಂಡೆ, ಪಾತೇಲಿಗಳೆಲ್ಲ ಬೀಗದ ಒಳಗೆ ಉಳಿದವು. ಗುಡಿಸಲಲ್ಲಿ ಜನ ಗಡಿಗೆಯಲ್ಲಿ ಅಂಬಲಿ ಕಾಯಿಸಿ ಕುಡಿಯತೊಡಗಿದರು. ಕಾಸಿಂಸಾಬ ಎಂದೂ ಯಾರ ಕೈಕೆಳಗೂ ದುಡಿದವನಲ್ಲ. ಓಣಿ ಓಣಿ ತಿರುಗಿ, "ಕಲಾಯ್" ಎಂದು ಕೂಗಿ ಹೊಟ್ಟೆ ಹೊರೆದವನು. ಈಗ ಗುಡಿಸಲುಗಳ ಸಾಲಿನಲ್ಲಿ ಅದೇ ಕೂಗು ಹಾಕಿದರೆ ಜನ ಹೆಣದ ಗಾಡಿ ಬಂತೆಂದು ಬಾಗಿಲಿನ ತಟ್ಟಿ ಎಳೆದುಕೊಳ್ಳುತ್ತಿದ್ದರು.

ಮೊದಲು ಮನೆಯ ಜೋಳ ತೀರಿತು. ಆಮೇಲೆ ಪಾತ್ರೆಗೆ ಬಳಿಯುವ ತವರ ಮಾರಿದ. ಕೊನೆಗೆ ಬೆಂಕಿ ಊದುವ ಚರ್ಮದ ತಿದಿಯನ್ನೇ ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪನ ಹತ್ತಿರ ಒತ್ತೆಯಿಟ್ಟು ನಾಲ್ಕು ಸೇರು ಜೋಳ ತಂದ. ಅದೂ ಮೊನ್ನೆ ಮುಗಿದಿತ್ತು. ಹೆಂಡತಿ ಸಿರಾಜುನ್ನಿಸಾ ಮೂರು ಮಕ್ಕಳಿಗೆ ಮುಂಜಾನೆ ಎಳೆ ಹುಣಸೆ ಚಿಗುರು ಬೇಯಿಸಿ ಕೊಟ್ಟು ಇದು ಪಲ್ಯ, ರೊಟ್ಟಿ ಆಮೇಲೆ ಬರುತ್ತದೆ ಎಂದು ಹೇಳಿದ್ದಳು. ಮಕ್ಕಳು ರೊಟ್ಟಿಗಾಗಿ ಕಾಯುತ್ತ ಕೂತಿದ್ದವು.

ಅಂಥ ಹೊತ್ತಿನಲ್ಲಿ ಪಕ್ಕದ ಗುಡಿಸಲಿನ ಕಾಶೆವ್ವ ಬಂದಳು. ಊರಲ್ಲಿ ಖಾನಾವಳಿ ನಡೆಸುತ್ತಿದ್ದ ಕಾಶೆವ್ವನಿಗೆ ಈಗ ಬಡಿಸಲು ಸುದ್ದಿಯೊಂದೇ ಉಳಿದಿತ್ತು. ಅದನ್ನು ಕೇಳಿದವರಿಗೂ ಕೇಳದವರಿಗೂ ಬಡಿಸುತ್ತಿದ್ದಳು. ದಾಂಡೇಲಿಯ ಕಟ್ಟಿಗೆ ಕ್ಯಾಂಪಿನಲ್ಲಿ ಕಲಾಯಿ ಹೋದ ಪಾತೇಲಿಯಲ್ಲಿ ಅಡುಗೆ ಮಾಡಿ ಕಿಲುಬೆದ್ದು, ಮೂವತ್ತು ಕೂಲಿಗಳು ಒಟ್ಟಿಗೆ ವಾಂತಿ ಮಾಡಿಕೊಂಡರಂತೆ. ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಗಾಡಿ ತಂದು ಪೊಲೀಸ ಕಾವಲಿನ ನಾಕಾದಲ್ಲಿ ನಿಂತಿದ್ದಾನೆ. ಸಂಜೆ ಐದಕ್ಕೆ ಹೊರಡುತ್ತಾನೆ. ಕಲಾಯಿಯವನು ಬೇಕು, ಹದಿನೈದು ದಿನದ ಕೆಲಸ. ಗಾಡಿ ಹತ್ತಿದ ಕೂಡಲೇ ಮುಂಗಡವೆಂದು ಅವನ ಮನೆಗೆ ಒಂದು ಚೀಲ ಜೋಳ.

ಚೀಲ ಎನ್ನುವ ಮಾತಿಗೆ ಮಕ್ಕಳು ಮೂವರೂ ತಲೆ ಎತ್ತಿದರು.

"ಆದ್ರ ಸೂಜಿ ಚೀಟಿ ಬೇಕಪಾ," ಅಂದಳು ಕಾಶೆವ್ವ. "ಪಿಳೇಗಿನ ಸೂಜಿ ಹಾಕಿಸ್ಕೊಂಡ ಚೀಟಿ ಇಲ್ದ ನಾಕಾ ದಾಟಸೂದಿಲ್ಲ. ಅಲ್ಲೆ ಮಾವಿನ ಗಿಡದ ಬುಡಕ ಡಾಕ್ಟರ ತಂಬು ಹೊಡದಾನ ನೋಡು. ಹೊಸಾಂವ. ನಿನ್ನೆ ಬಂದಾನ."

ಸೂಜಿಯೇನೋ ಧರ್ಮಕ್ಕೆ. ಆದರೆ ತಿದಿಯಿಲ್ಲದ ಕಲಾಯಿಯವನನ್ನು ಗಾಡಿ ಹತ್ತಿಸುವವರು ಯಾರು? ಕಾಸಿಂಸಾಬ ಮೊದಲು ಅಂದಾನೆಪ್ಪನ ಗುಡಿಸಲಿಗೆ ಓಡಿದ.

ಅಂದಾನೆಪ್ಪ ಮೆಣಸಿನಕಾಯಿ ಚೀಲಗಳ ನಡುವೆ ತಾನೂ ಒಂದು ಚೀಲದಂತೆ ಕೂತಿದ್ದ. ತಿದಿಯ ಮಾತು ಎತ್ತಿದರೆ ಅವನು ಸೂಜಿಯ ಮಾತು ಎತ್ತಿದ. ಪೇಟೆಯ ಗೋದಾಮಿನಲ್ಲಿ ಅವನ ಮಾಲು ಕೊಳೆಯುತ್ತಿತ್ತು. ಚೀಟಿಯಿಲ್ಲದೆ ಪೇಟೆಗೂ ಬಿಡುತ್ತಿರಲಿಲ್ಲ. ಆದರೆ ಸೂಜಿ ಎಂದರೆ ಅಂದಾನೆಪ್ಪನಿಗೆ ಅಂಗಿಯ ಗುಂಡಿ ಹಚ್ಚುವಾಗಲೂ ಕಣ್ಣು ಕತ್ತಲೆ ಬರುತ್ತಿತ್ತು.

"ನನ್ನ ಹೆಸರ್ಲೆ ನೀ ಹೋಗಿ ಚುಚ್ಚಿಸ್ಕೊಂಡ ಬಾ. ತಿದಿ ಒಯ್ಯಿ," ಅಂದ.

"ನಾ ಹ್ಯಾಂಗ ಅಂದಾನೆಪ್ಪ ಆಗ್ಲಿರಿ ಸಾವ್ಕಾರ್ರ?"

"ನಾ ಆಗಿಲ್ಲೇನು? ಏನ ಭಾಳ ಅವಘಡ ಇಲ್ಲ. ಹಣಿಗೆ ಈಬತ್ತಿ, ತಲಿಗೆ ನನ್ನ ರುಮಾಲು. ಯಾರರೆ ಕೇಳಿದ್ರ ಮೆಣಸಿನಕಾಯಿ ದರ ಇಳದೈತಿ ಅಂತ ಅಳು. ಮುಗೀತು."

ಕಾಸಿಂಸಾಬನಿಗೆ ಇದು ಸರಿ ಎನಿಸಲಿಲ್ಲ. ತಪ್ಪು ಎನ್ನೋಣವೆಂದರೆ ಹುಣಸೆ ಚಿಗುರು ನೆನಪಾಯಿತು. ಯಾವ ದೇವರಲ್ಲಿ ಮೊದಲು ಕ್ಷಮೆ ಕೇಳಬೇಕೆಂದು ತಿಳಿಯದೆ ಇಬ್ಬರಲ್ಲೂ ಕೇಳಿಕೊಂಡು ರುಮಾಲು ಸುತ್ತಿದ.

ತಂಬುವಿನಲ್ಲಿದ್ದ ಡಾಕ್ಟರ ಎತ್ತರದ ಆಳು. ದಪ್ಪ ಮೀಸೆ. ಬಿಳಿ ಕೋಟು ಭುಜದಲ್ಲಿ ಬಿಗಿಯಾಗಿ, ತೋಳಿನಲ್ಲಿ ಗಿಡ್ಡವಾಗಿತ್ತು. ಅವನು ಸಹಜವಾಗಿ ಮಾತಾಡಿದರೂ ಮೂರು ಹೊಲ ಆಚೆಗೆ ಕೇಳುತ್ತಿತ್ತು.

"ಬಾರಯ್ಯ ಪುಣ್ಯವಂತನೇ, ನಿನ್ನ ಭುಜವನ್ನು ಚಾಚು," ಅಂದ.

ಕಲಿತವರು ಹೀಗೇ ಮಾತಾಡುತ್ತಾರೆ ಎಂದುಕೊಂಡು ಕಾಸಿಂಸಾಬ ಎಡಗೈ ಚಾಚಿದ. ಕಲಾಯಿ ಕೆಲಸದಲ್ಲಿ ಅವನಿಗೆ ಸುಟ್ಟ ಗಾಯ ಹೊಸದಲ್ಲ. ಆದರೂ ಈ ಸೂಜಿ ತೋಳಿಗಿಳಿದಾಗ ಅವನು ಮೆಣಸಿನಕಾಯಿ ದರದ ನೆಪವಿಲ್ಲದೆಯೇ ಅತ್ತ. ಡಾಕ್ಟರ ದೊಡ್ಡ ಅಕ್ಷರಗಳಲ್ಲಿ 'ಅಂದಾನೆಪ್ಪ' ಎಂದು ಚೀಟಿ ಬರೆದು, ಕೆಳಗೆ ಮೂರು ಸುತ್ತಿನ ಸಹಿ ಹಾಕಿದ.

ತಿದಿ ಕೈಗೆ ಬಂತು. ಈಗ ತವರ, ಅದನ್ನು ಪಾತ್ರೆಗೆ ಹಿಡಿಸುವ ನವಸಾಗರ ಬೇಕು. ಅದು ಊರಲ್ಲಿ ಇದ್ದದ್ದು ವ್ಯಾಪಾರಿ ಅಬ್ದುಲ್ ರಜಾಕನ ಹತ್ತಿರ ಮಾತ್ರ. ಕಾಸಿಂಸಾಬ ಅವನ ಗುಡಿಸಲಿಗೆ ಹೋಗುವಷ್ಟರಲ್ಲಿ ಅಂದಾನೆಪ್ಪ ಅಲ್ಲಿ ಕೂತು ತನ್ನ ಜಾಣತನವನ್ನು ಹೇಳಿ ಮುಗಿಸಿದ್ದ.

ರಜಾಕನಿಗೆ ತನ್ನ ತಾಯಿ ರಹೀಮುನ್ನಿಸಾಳನ್ನು ಮುಂಡಗೋಡದ ಮಗಳ ಮನೆಗೆ ಕಳಿಸಬೇಕಿತ್ತು. ಮುದುಕಿ ಗಂಡನಿಗೇ ನಾಡಿ ನೋಡಲು ಕೈ ಕೊಟ್ಟವಳಲ್ಲ. ಈ ಪರಗಂಡಸಿಗೆ ಕೊಡುತ್ತಾಳೆಯೆ? ಆದರೆ ಪರದೆಯ ಹೆಂಗಸರಿಗಾಗಿ ತಂಬುವಿನ ಪಕ್ಕದಲ್ಲಿ ಒಂದು ಜಮಖಾನೆ ಕಟ್ಟಿ, ಅದರಲ್ಲಿ ತೂತು ಮಾಡಿದ್ದರು. ಒಳಗೆ ಕೂತವಳು ತೂತಿನಿಂದ ತೋಳು ಹೊರಗೆ ಹಾಕಬೇಕು. ಡಾಕ್ಟರನಿಗೆ ಕಾಣುವುದು ತೋಳು ಮಾತ್ರ.

"ತೋಳು ಯಾರದಾದ್ರೇನು ಭಾಯಿ," ಅಂದ ರಜಾಕ, ತವರದ ಸರಳುಗಳನ್ನು ತೋರಿಸುತ್ತ.

ಕಾಸಿಂಸಾಬ ಮನೆಗೆ ಬಂದು ಬುರ್ಖಾ ಕೇಳಿದಾಗ ಸಿರಾಜುನ್ನಿಸಾ ಬಹಳ ಹೊತ್ತು ಗಂಡನನ್ನೇ ನೋಡಿದಳು. ನಲವತ್ತು ದಿನ ಕೆಲಸವಿಲ್ಲದ ಗಂಡಸರಿಗೆ ಏನೇನೋ ಆಗುತ್ತದೆ ಎಂದು ಅವಳು ಕೇಳಿದ್ದಳು. ಸಂಗತಿ ತಿಳಿದ ಮೇಲೆ ಅವನ ಬಲತೋಳಿನ ಕೂದಲು ಬೋಳಿಸಿ, ತನ್ನ ನಾಲ್ಕು ಬಳೆಗಳನ್ನು ಹಾಕಲು ನೋಡಿದಳು. ಎರಡು ಒಡೆದವು. ಎರಡು ಮಣಿಕಟ್ಟು ದಾಟಿದವು.

"ಮಾತಾಡಬ್ಯಾಡ್ರಿ ಅಷ್ಟ," ಅಂದಳು. "ಬರೇ ಕೆಮ್ಮರಿ."

ಜಮಖಾನೆಯ ತೂತಿನಿಂದ ಹೊರಬಂದ ತೋಳನ್ನು ಕಂಡು ಡಾಕ್ಟರ ಸ್ವಲ್ಪ ಹಿಂದೆ ಸರಿದ.

"ಮಾತೆ, ಈ ಕೋಮಲ ಕರದಲ್ಲಿ ಸುಟ್ಟ ಕಲೆಗಳೇಕೆ?"

ಕಾಸಿಂಸಾಬ ಸಣ್ಣಗೆ ಕೆಮ್ಮಿದ.

"ಅರಿತೆ, ತಾಯೆ. ಒಲೆಯ ಮುಂದೆ ಬೆಂದ ಬಾಳು," ಎಂದ ಡಾಕ್ಟರನ ದನಿ ಗದ್ಗದವಾಯಿತು. ಸಾಲಿನಲ್ಲಿದ್ದ ನಾಲ್ಕು ಹೆಂಗಸರು ಕಣ್ಣೊರೆಸಿಕೊಂಡರು. ಆ ದುಃಖದಲ್ಲೇ ಅವನು ಸೂಜಿ ಚುಚ್ಚಿದ.

ಮೂರು ಗಂಟೆಯ ಹೊತ್ತಿಗೆ ಕಾಸಿಂಸಾಬನ ಬಳಿ ತಿದಿ ಇತ್ತು, ತವರ ಇತ್ತು, ನವಸಾಗರ ಇತ್ತು. ತನ್ನ ಹೆಸರಿನ ಚೀಟಿಯೊಂದೇ ಇರಲಿಲ್ಲ. ಅದಕ್ಕೆ ಮೂರನೆಯ ಸಲ ಹೋಗಬೇಕು. ಅಷ್ಟರಲ್ಲಿ ಎರಡೂ ತೋಳು ಬಾತು, ಮೈ ಸುಡುತ್ತಿತ್ತು. ಕೈ ಕೆಳಗಿಳಿಸಲಾಗದೆ, ಹಾರಲು ಹೊರಟ ಹದ್ದಿನಂತೆ ಎರಡೂ ತೋಳುಗಳನ್ನು ಅಗಲಿಸಿಕೊಂಡು, ತಿದಿಯ ಗಂಟನ್ನು ಕೊರಳಿಗೆ ನೇತುಹಾಕಿಕೊಂಡು ಅವನು ತಂಬುವಿಗೆ ನಡೆದ. ದಾರಿಯಲ್ಲಿ ಕಾಶೆವ್ವ ಸಿಕ್ಕು, ಅವನ ನಡಿಗೆ ನೋಡಿ, ತಾನಾಗಿ ಅವನ ಬಗಲು ಮುಟ್ಟಿದಳು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು.

ಕಾಶೆವ್ವ ಜನ್ಮದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ಒಂದೇ ಶಬ್ದದಲ್ಲಿ ಹೇಳಿದಳು. "ಗಂಟು" ಅಂದಳು, ಓಡಿದಳು.

ತಂಬುವಿನ ಮುಂದೆ ಇದ್ದ ಸಾಲು ಕ್ಷಣದಲ್ಲಿ ಬಯಲಾಯಿತು. ಗಂಟು ಎದ್ದವನನ್ನು ಹಳ್ಳದ ಆಚೆಯ ಶೆಡ್ಡಿಗೆ ಹಾಕುವುದು, ಅವನ ಸಾಮಾನು ಸುಡುವುದು ಆಗಿನ ಕಾಯಿದೆ. ಕಾಸಿಂಸಾಬ ತಿದಿಯ ಗಂಟನ್ನು ತಬ್ಬಿಕೊಂಡು ಡಾಕ್ಟರನ ಮುಂದೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ. ಅಂದಾನೆಪ್ಪ ತಾನೇ, ರಹೀಮುನ್ನಿಸಾ ತಾನೇ. ಈ ಜ್ವರ, ಈ ಗಂಟು ನಿಮ್ಮ ಔಷಧದ್ದೇ, ಎರಡು ಪಾಲು ಬಿದ್ದದ್ದಕ್ಕೆ ಹೀಗಾಗಿದೆ. ದಯಮಾಡಿ ನನ್ನ ಹೆಸರಿಗೊಂದು ಚೀಟಿ ಕೊಡಿ, ಗಾಡಿ ಹೊರಡುತ್ತದೆ.

ಡಾಕ್ಟರ ಬೈಯುತ್ತಾನೆ ಎಂದು ಅವನು ಕಣ್ಣು ಮುಚ್ಚಿಕೊಂಡಿದ್ದ. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಡಾಕ್ಟರನ ಮುಖ ಅವನ ಕೋಟಿನಷ್ಟೇ ಬೆಳ್ಳಗಾಗಿತ್ತು.

"ಔಷಧದ್ದು ಹ್ಯಾಂಗ ಆಗ್ತೈತೋ ಮಾರಾಯಾ," ಅಂದ ಡಾಕ್ಟರ, ಪಿಸುಮಾತಿನಲ್ಲಿ. ಪುಣ್ಯವಂತ, ಮಾತೆ ಎಲ್ಲ ಬಿಟ್ಟುಹೋಗಿದ್ದವು. "ಅದರಾಗ ಔಷಧ ಇದ್ರಲ್ಲ? ಬರೇ ನೀರು."

ಕಾಸಿಂಸಾಬನಿಗೆ ಅರ್ಥವಾಗಲಿಲ್ಲ.

ಅವನ ಹೆಸರು ಗಂಗಾರಾಮ. ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದ. ಪ್ಲೇಗು ಬಂದು ಜನ ಕೂಡುವುದನ್ನು ಸರಕಾರ ನಿಲ್ಲಿಸಿತು, ಕಂಪನಿ ಮುಚ್ಚಿತು, ರಾಜ ಹಸಿದ. ಅಸಲಿ ಡಾಕ್ಟರ ಪ್ಲೇಗಿಗೆ ಹೆದರಿ ಬಂಗಲೆಯ ಬಾಗಿಲು ಹಾಕಿಕೊಂಡು ಕೂತಿದ್ದಾನೆ. ದಿನಕ್ಕೆರಡು ಊಟಕ್ಕೆ ಗಂಗಾರಾಮನನ್ನು ಗೊತ್ತುಮಾಡಿ, ಕೋಟು ತೊಡಿಸಿ ಕಳಿಸಿದ್ದಾನೆ. ಔಷಧದ ಬಾಟಲಿಗಳನ್ನು ಮಾತ್ರ ನಟನ ಕೈಗೆ ಕೊಡಲು ಧೈರ್ಯವಾಗದೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ.

"ಹಂಗಾದ್ರ ಇದು?" ಎಂದು ಕಾಸಿಂಸಾಬ ತೋಳೆತ್ತಿದ.

ಇಬ್ಬರೂ ಆ ಗಂಟನ್ನು ನೋಡಿದರು. ಔಷಧವಿಲ್ಲದೆ ಎದ್ದ ಗಂಟು. ಗಂಗಾರಾಮ ಎರಡು ಹೆಜ್ಜೆ ಹಿಂದೆ ಸರಿದ. ಸಾಧ್ಯವಿದ್ದರೆ ಕಾಸಿಂಸಾಬನೂ ಸರಿಯುತ್ತಿದ್ದ.

"ನೀ ಹೆದರಬ್ಯಾಡ," ಅಂದ ಗಂಗಾರಾಮ, ತಾನು ನಡುಗುತ್ತ. "ಶೆಡ್ಡಿನ್ಯಾಗ ಮಲಕ್ಕೋ ಹೋಗು. ನಾ ಅಸಲಿ ಡಾಕ್ಟರನ್ನ ಕಾಲ ಹಿಡದರೆ ಎಳಕೊಂಡ ಬರ್ತೇನಿ. ಈ ತಿದಿ, ತವರಾ ಎಲ್ಲಾ ಇಲ್ಲೇ ಇಡು. ಸುಡಾಕ ಬಂದ್ರ ನಾ ಬಿಡೂದಿಲ್ಲ."

ಅಷ್ಟು ಒಳ್ಳೆಯ ಮಾತನ್ನು ಆ ದಿನ ಯಾರೂ ಅವನಿಗೆ ಆಡಿರಲಿಲ್ಲ. ಕಾಸಿಂಸಾಬ ಅಳುತ್ತ ಹಳ್ಳ ದಾಟಿದ.

ಗಂಗಾರಾಮ ಮಾತು ಉಳಿಸಿಕೊಂಡ. ಅವನು ಬಂಗಲೆಗೆ ಸುದ್ದಿ ಮುಟ್ಟಿಸಿದ್ದರಿಂದ ಆರು ಗಂಟೆಗೆ ಅಸಲಿ ಡಾಕ್ಟರ ಒಬ್ಬನೇ ಬಂದ. ಗಿಡ್ಡ ಮನುಷ್ಯ, ಮೂಗಿಗೆ ಎರಡು ವಸ್ತ್ರ. ಶೆಡ್ಡಿನ ಸುತ್ತ ಕಟ್ಟಿದ ಹಗ್ಗದಿಂದ ಹತ್ತು ಹೆಜ್ಜೆ ಆಚೆ ನಿಂತು, ಬಿದಿರಿನ ಗಳವೊಂದರಿಂದ ರೋಗಿಯ ತೋಳು ಎತ್ತಿಸಿ ನೋಡಿದ. ಪ್ಲೇಗು ಅಲ್ಲ, ಕುದಿಸದ ಸೂಜಿ ಚುಚ್ಚಿದ್ದಕ್ಕೆ ನಂಜೇರಿದೆ, ಇಳಿಯುತ್ತದೆ ಎಂದ. ಆದರೂ ಕಾಯಿದೆಯ ಪ್ರಕಾರ ಹತ್ತು ದಿನ ಶೆಡ್ಡು ಬಿಡುವಂತಿಲ್ಲ ಎಂದು ಹೇಳಿ, ಬಂದದ್ದಕ್ಕಿಂತ ಬೇಗ ಹೋದ.

ಜೀವ ಉಳಿಯಿತು, ಗಾಡಿ ತಪ್ಪಿತು. ಎರಡರಲ್ಲಿ ಯಾವುದಕ್ಕೆ ಮೊದಲು ಅಳಬೇಕೆಂದು ಕಾಸಿಂಸಾಬ ಯೋಚಿಸುತ್ತಿದ್ದಾಗ ನಾಕಾದ ಪೊಲೀಸ ದಫ್ತರು ಹಿಡಿದು ಬಂದು ಹೆಸರು ಕೇಳಿದ. ಕಾರವಾರದ ಕಡೆಯಿಂದ ಹೊಸದಾಗಿ ಬಂದವನು, ಯಾರ ಮುಖವೂ ಪರಿಚಯವಿರಲಿಲ್ಲ.

"ಕಾಸಿಂಸಾಬರಿ. ಕಲಾಯಿ ಕೆಲಸ."

ಪೊಲೀಸ ಬರೆಯುವುದನ್ನು ನಿಲ್ಲಿಸಿದ. "ಕಲಾಯಿ ಕಾಸಿಂಸಾಬ ಐದು ಗಂಟೆಗೆ ನನ್ನ ಮುಂದ ದಾಂಡೇಲಿ ಗಾಡಿ ಹತ್ಯಾನ. ಚೀಟಿ ನಾನ ನೋಡೇನಿ. ಕೊರಳಾಗ ತಿದಿ, ಕೈಯಾಗ ತವರಾ. ಎತ್ತರದ ಮನಿಷಾ. ಏನ ದನಿ ಅಂತೀ. ನೀ ಯಾರು, ಖರೇ ಹೇಳು."

ರಾಜನಾದವನು, ಡಾಕ್ಟರನಾದವನು, ಈಗ ಕಲಾಯಿಯವನಾಗಿದ್ದ. ಕಾಸಿಂಸಾಬ ಪ್ರಮಾಣ ಮಾಡಿದ, ಅತ್ತ, ಬೇಕಾದರೆ ನನ್ನ ಹೆಂಡತಿಯನ್ನು ಕರೆಸಿ ಕೇಳಿ ಎಂದ.

ಪೊಲೀಸ ಕರೆಸಿದ. ಸಿರಾಜುನ್ನಿಸಾ ಬುರ್ಖಾ ಹಾಕಿಕೊಂಡು ಓಡುತ್ತ ಬಂದು ಹಗ್ಗದ ಆಚೆ ನಿಂತಳು. ಅವಳ ಎರಡೂ ಕೈಗೆ ಮೊಣಕೈವರೆಗೆ ಜೋಳದ ಹಿಟ್ಟು ಹತ್ತಿತ್ತು.

ಚೀಲ ಮನೆಗೆ ಬಂದಿದೆ. ಕಾಸಿಂಸಾಬನಿಗೆ ಅದು ಕಂಡಿತು. ಅವನಿಗೆ ಕಂಡದ್ದು ಅವಳಿಗೂ ಕಂಡಿತು. ಈ ಮನುಷ್ಯ ಕಾಸಿಂಸಾಬನಾದರೆ ಗಾಡಿ ಹತ್ತಿದವನು ಕಾಸಿಂಸಾಬನಲ್ಲ. ಹಾಗಾದರೆ ಚೀಲ ತಿರುಗಿ ಹೋಗಬೇಕು, ರೊಟ್ಟಿ ಹೆಂಚಿನ ಮೇಲಿದೆ.

"ಇಂವ ನಿನ್ನ ಗಂಡ ಏನು?" ಎಂದು ಪೊಲೀಸ ಕೇಳಿದ.

ಸಿರಾಜುನ್ನಿಸಾ ನೆಲ ನೋಡಿದಳು. "ನಮ್ಮವರು ದಾಂಡೇಲಿಗೆ ಹೋಗ್ಯಾರ್ರಿ," ಅಂದಳು.

ಪೊಲೀಸ ಕಾಸಿಂಸಾಬನ ಕಡೆ ತಿರುಗಿದ. "ಮತ್ತ ನೀ ಯಾರು?"

ಅಂದಾನೆಪ್ಪ ಎನ್ನುವಂತಿರಲಿಲ್ಲ, ಅಂದಾನೆಪ್ಪ ಪೇಟೆಯಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದ. ರಹೀಮುನ್ನಿಸಾ ಎನ್ನುವುದಂತೂ ಆಗದು. ಜ್ವರದ ತಲೆಯಲ್ಲಿ ಇಡೀ ಊರು ಹುಡುಕಿದರೂ ಯಾರೂ ವಾರಸುದಾರರಿಲ್ಲದೆ ಖಾಲಿ ಬಿದ್ದ ಹೆಸರು ಒಂದೇ ಸಿಕ್ಕಿತು.

"ಗಂಗಾರಾಮರಿ," ಅಂದ.

"ನಾಟಕ ಕಂಪನಿ ಗಂಗಾರಾಮ?"

ಪೊಲೀಸನಿಗೆ ಗುರುತು ಸಿಕ್ಕಿತಲ್ಲ ಎಂಬ ಸಮಾಧಾನಕ್ಕೆ ಕಾಸಿಂಸಾಬ ಎರಡು ಸಲ ತಲೆಯಾಡಿಸಿದ.

ಪೊಲೀಸ ದಫ್ತರು ಮುಚ್ಚಿದ. ಹತ್ತು ಹೆಜ್ಜೆ ದೂರ ನಿಂತಿದ್ದವನು ಪ್ಲೇಗಿನ ಭಯ ಮರೆತು ಹಗ್ಗ ದಾಟಿ ಒಳಗೆ ಬಂದು, ಅವನ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡ. ಬಂಗಲೆಯ ಡಾಕ್ಟರು ಈಗಷ್ಟೇ ಫಿರ್ಯಾದಿ ಬರೆಸಿದ್ದರು. ಗಂಗಾರಾಮನೆಂಬ ನಾಟಕದವನು ತಮ್ಮ ಕೋಟು ಕದ್ದು, ತಮ್ಮ ಹೆಸರು ಹೇಳಿಕೊಂಡು, ಎರಡು ನೂರು ಜನರಿಗೆ ನೀರು ಚುಚ್ಚಿ ಓಡಿಹೋಗಿದ್ದಾನೆ ಎಂದು.

"ಎರಡ ವರ್ಷಕ್ಕ ಕಮ್ಮಿ ಇಲ್ಲ ನಿನಗ," ಅಂದ ಪೊಲೀಸ, ಬೇಡಿ ಹಾಕುತ್ತ.

ಸಿರಾಜುನ್ನಿಸಾಳ ಕೈ ತಾನಾಗಿ ಬಾಯಿಗೆ ಹೋಯಿತು. ಕರಿಯ ಬುರ್ಖಾದ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಮೂಡಿ ನಿಂತವು.