ಹೊಸ ರಿಂಗಿನ ಮೇಲೆ ಭಾರ

ಕಾರಿನ ಬಾನೆಟ್ಟನ್ನು ಗೇಟಿನ ಒಳಗೇ ಎತ್ತಿದ್ದರೆ ಚಿಸೆಂಗಾನ ಭಾನುವಾರ ಉಳಿಯುತ್ತಿತ್ತು. ಒಳಗೆ ನೆರಳಿಲ್ಲವೆಂದು ಅವನು ಬೀದಿಯ ಮಾವಿನಮರದ ಕೆಳಗೆ ಎತ್ತಿದ. ಕಾಬ್ವೆ ಊರಿನ ಆ ಬೀದಿಯಲ್ಲಿ ತೆರೆದ ಬಾನೆಟ್ಟೆಂದರೆ ಮದುವೆಯ ಓಲಗವಿದ್ದಂತೆ; ಕರೆಯದೆಯೇ ಜನ ಸೇರುತ್ತಾರೆ.

ರೈಲ್ವೆಯಿಂದ ನಿವೃತ್ತನಾದ ಚಿಸೆಂಗಾ ಒಬ್ಬಂಟಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೊ ಮಾತ್ರ. ಕಪಿರಿಯಲ್ಲಿ ಅಕ್ಕನಿದ್ದಳು. ಬಸ್ಸು ಹತ್ತಿ ಹೋಗಲು ಇವನ ಮಂಡಿ ಬಿಡದು, ಹೊಗೆ ಕಾರುವ ಮುದಿ ಕಾರನ್ನು ನಂಬುವಂತಿಲ್ಲ. ಅವಳ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಎಂಜಿನ್ ಪೂರ್ತಿ ಹೊಸದು ಮಾಡಿಸುವ ಶಕ್ತಿ ಇರಲಿಲ್ಲ. ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟು ಮಾತ್ರ ತಂದು ಕೂರಿಸಿ, ವಾಲ್ವುಗಳನ್ನು ತಾನೇ ವಾರವಿಡೀ ಉಜ್ಜಿದ್ದ. ಇವತ್ತು ಮೇಲಿನ ಭಾಗ ಮುಚ್ಚಿ ಬಿಗಿಯುವುದಷ್ಟೇ ಬಾಕಿ. "ಊಟಕ್ಕೆ ಅಲ್ಲಿರ್ತೀನಿ ಅಕ್ಕ" ಎಂದು ಫೋನೂ ಮಾಡಿದ್ದ.

ಮೊದಲು ಬಂದವನು ಪಕ್ಕದ ಮನೆಯ ಕಪೆಸೊ, ಮೂವತ್ತು ವರ್ಷ ಬಸ್ಸು ಓಡಿಸಿದವನು.

"ಬೋಲ್ಟ್ ನಡುವಿನಿಂದ ಬಿಗೀಬೇಕು ಅಣ್ಣ."

"ನಡುವಿನಿಂದ್ಲೇ ಬಿಗೀತಿದೀನಿ."

"ಅದು ನಿಮ್ ನಡು. ಎಂಜಿನ್ ನಡು ಇಲ್ಲಿದೆ."

ಅಷ್ಟರಲ್ಲಿ ಎದುರುಮನೆಯ ಬನಾ ಮುಸೊಂಡಾ ಇಬ್ಬರು ನಾದಿನಿಯರೊಡನೆ ಮುನ್ಕೊಯೊ ಎಂಬ ಮೆಕ್ಕೆಜೋಳದ ಮಂದ ಪಾನಕದ ಕೊಡ ತಂದು ಎಂಜಿನ್ನಿನ ಪಕ್ಕದಲ್ಲೇ ಇಟ್ಟಳು. "ನನ್ ಗಂಡನ ಹಾಗೇ ಕೆಮ್ತಿತ್ತಲ್ಲ, ಇದಾದ್ರೂ ವಾಸಿಯಾಗುತ್ತಾ?" ಎನ್ನುತ್ತ ಬಗ್ಗಿದಳು. ಚಿಸೆಂಗಾನ ಕೈಯ ಬೋಲ್ಟು ಜಾರಿ ಕೊಡದೊಳಗೆ ಬಿತ್ತು. ಪಾನಕ ಚೆಲ್ಲಲು ಯಾರಿಗೂ ಮನಸ್ಸಿಲ್ಲ. ಬೋಲ್ಟು ಕಾಣುವ ತನಕ ಕುಡಿಯುವುದೆಂದಾಯಿತು. ಕಪೆಸೊನ ಹೆಂಡತಿಯೂ ಲೋಟ ಹಿಡಿದು ಬಂದಳು.

ಕುಡಿಯುತ್ತ ಕೂತಾಗ ಚಿಸೆಂಗಾನಿಗೆ ಮಾತು ಉಕ್ಕಿತು. ಅಕ್ಕನ ಮನೆ ಕಪಿರಿ ಸ್ಟೇಷನ್ನಿನ ಹಿಂದೆ ಹಸಿರು ಬಾಗಿಲಿನದೆಂದ. ಇವತ್ತು ತನಗಾಗಿ ಕೋಳಿ ಬೇಯುತ್ತಿದೆ, ಶೇಂಗಾ ಹಾಕಿದ ಸೊಪ್ಪೂ ಇದೆಯೆಂದ. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಮಧ್ಯಾಹ್ನಕ್ಕೆ ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಹೊಗೆಯಿಲ್ಲ. ಚಿಸೆಂಗಾ ಮಿಂದು, ಇಸ್ತ್ರಿ ಅಂಗಿ ತೊಟ್ಟು ಹೊರಬಂದರೆ ಕಾರಿನಲ್ಲಿ ಐದು ಜನ, ಸ್ಟೀರಿಂಗ್ ಹಿಡಿದು ಕಪೆಸೊ.

"ಹೊಸ ರಿಂಗ್ ಹದಕ್ಕೆ ಬರ್ಬೇಕಂದ್ರೆ ಒಂದಷ್ಟು ದೂರ ನಿಧಾನವಾಗಿ ಓಡಿಸ್ಬೇಕು ಅಣ್ಣ. ಅನುಭವ ಬೇಕು."

"ನಾನೂ ಬರ್ತೀನಿ."

ಕಪೆಸೊ ಅವನ ಹೊಟ್ಟೆಯನ್ನೊಮ್ಮೆ ನೋಡಿದ. "ಹೊಸ ರಿಂಗಿನ ಮೇಲೆ ಜಾಸ್ತಿ ಭಾರ ಹಾಕ್ಬಾರ್ದು."

ಕಾರು ಹೋಯಿತು. ಚಿಸೆಂಗಾ ಗೇಟಿನ ಬಳಿ ಕೂತ. ಮಾತಾಡುವವರೆಲ್ಲ ಕಾರಿನಲ್ಲೇ ಇದ್ದುದರಿಂದ ಬೀದಿ ಬಿಕೋ ಎನ್ನುತ್ತಿತ್ತು. ಸಂಜೆ ಅಕ್ಕನ ಫೋನು ಬಂತು.

"ನಿನ್ ಕಾರು ಬಂದಿತ್ತು. ಐದು ಜನ ಇಳಿದ್ರು. ನಿನಗೆ ಮಾಡಿದ್ದೆಲ್ಲ ಅವರಿಗೇ ಬಡಿಸ್ದೆ. ಎಷ್ಟು ಪ್ರೀತಿ ನಿನ್ ಮೇಲೆ, ದಾರಿಯುದ್ದ ನಿನ್ ಮಾತೇ ಅಂತೆ."

"ಅಕ್ಕ, ನಾನು…"

"ಕೇಳಿಲ್ಲಿ. ನೀನು ಒಬ್ನೇ ಒಣಗ್ತಿದೀಯ ಅಂತ ಕೊರಗ್ತಿದ್ದೆ. ಇವತ್ತು ನಿನ್ ಕಾರಲ್ಲೇ ಗಂಟುಮೂಟೆ ಸಮೇತ ಬಂದು ನಿನ್ ಜೊತೆ ಇದ್ಬಿಡೋಣ ಅಂತಿದ್ದೆ. ಇಷ್ಟು ಜನ ಇರೋವಾಗ ನಾನ್ಯಾಕೆ? ನಿಶ್ಚಿಂತೆಯಾಗಿ ಎನ್ಡೋಲಾಕ್ಕೆ, ಮಗಳ ಹತ್ರ ಹೊರಟೆ."

ಅವಳ ದನಿಯಲ್ಲಿ ಇಷ್ಟು ನೆಮ್ಮದಿಯನ್ನು ಅವನು ಎಂದೂ ಕೇಳಿರಲಿಲ್ಲ. ಚಿಸೆಂಗಾ ಖಾಲಿ ಬೀದಿಯತ್ತ ನೋಡಿದ.

"ಹೂಂ ಅಕ್ಕ," ಎಂದ. "ಬೇಜಾರಾಗೋಕೂ ಪುರುಸೊತ್ತಿಲ್ಲ."