ಮಿಸೌರಿಯವನ ಮುಂದೆ ಬೆಣ್ಣೆ ದೋಸೆ

ಊರಿನ ಹೆಸರು ಹೇಳಿಕೊಂಡು ಮರ್ಯಾದೆ ಗಿಟ್ಟಿಸುವವರಲ್ಲಿ ನಾನೂ ಒಬ್ಬ. ಸಿಂಗಪುರದಲ್ಲಿ ಯಾರ ಮನೆಯಲ್ಲಿ ದೋಸೆ ತಿಂದರೂ ಮೂಗು ಮುರಿದು, "ನಾನು ದಾವಣಗೆರೆಯವನು" ಎಂದುಬಿಡುತ್ತೇನೆ. ಅಲ್ಲಿಗೆ ವಾದ ಮುಗಿಯುತ್ತದೆ. ನಿನಗೆ ದೋಸೆ ಹುಯ್ಯಲು ಬರುತ್ತದೆಯೇ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಕೆಟ್ಟಿದ್ದು ಇಲ್ಲಿನ ಉಬಿ ಬಡಾವಣೆಯ ನಮ್ಮ ಆಫೀಸಿಗೆ ವೇಯ್ನ್ ಎಂಬ ಅಮೆರಿಕನ್ ಬಾಸ್ ಬಂದ ಮೇಲೆ. ಕೆಲಸ ಮುಗಿದಿದೆ ಎಂದರೆ ಸಾಕು, ಆತ ಕುರ್ಚಿಗೆ ಒರಗಿ, "ನಾನು ಮಿಸೌರಿಯವನು" ಎನ್ನುತ್ತಾನೆ. ಮಿಸೌರಿ ಎಂಬ ಅಲ್ಲಿನ ರಾಜ್ಯದ ಜನ ಕಣ್ಣಾರೆ ಕಾಣದೆ ಏನನ್ನೂ ನಂಬುವುದಿಲ್ಲವಂತೆ. ಬಾಯಲ್ಲಿ ಹೇಳಬೇಡ, ತೋರಿಸು ಎಂಬುದಕ್ಕೆ ಅಮೆರಿಕದವರು ಹಾಗೆನ್ನುತ್ತಾರಂತೆ. ನನಗೆ ಬಹಳ ಹಿಡಿಸಿತು. ಬುಕಿತ್ ಪಂಜಾಂಗ್‌ನ ಮನೆಗೂ ಅದನ್ನು ತಂದೆ. ಹೆಂಡತಿ ಸುಧಾ "ಫ್ಯಾನ್ ಕ್ಲೀನ್ ಮಾಡಿದೀನಿ" ಎಂದರೆ, "ನಾನು ಮಿಸೌರಿಯವನು" ಎಂದು ಸ್ಟೂಲ್ ಹತ್ತಿ ನೋಡಿದೆ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಮಿಸೌರಿ. "ತಲೆ ನೋಯ್ತಿದೆ ಕಣ್ರೀ" ಎಂದಾಗಲೂ ಬಾಯಿ ತಪ್ಪಿ ಅದೇ ಬಂತು. ಅವಳು ಸಣ್ಣಗೆ ನಕ್ಕಳು. ನಾನು ಆಗಲೇ ಹೆದರಬೇಕಿತ್ತು.

ಮುಂದಿನ ಭಾನುವಾರ ವೇಯ್ನ್‌ನನ್ನೂ ಎರಡು ಕನ್ನಡದ ಕುಟುಂಬಗಳನ್ನೂ ತಿಂಡಿಗೆ ಕರೆದಿದ್ದೆವು. ಎಲ್ಲರೂ ಬಂದ ಮೇಲೆ ಸುಧಾ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. "ಇವತ್ತು ದೋಸೆ ಡಿಪಾರ್ಟ್‌ಮೆಂಟ್ ಇವರದ್ದು. ಇವ್ರು ದಾವಣಗೆರೆಯವ್ರು. ನಾವೆಲ್ಲ ಮಿಸೌರಿಯವ್ರು, ತೋರಿಸ್ಲಿ ಬಿಡಿ" ಎಂದಳು. ಜನವೆಲ್ಲ ಅಡುಗೆಮನೆಗೆ ನುಗ್ಗಿತು. ಅತಿಥಿಯೊಬ್ಬರ ಪುಟ್ಟ ಮಗಳು, "ಅಂಕಲ್, ಬೇಗ ಮಾಡಿ ಲಾ" ಎಂದು ಸಿಂಗಪುರದ ರಾಗ ಎಳೆಯುತ್ತ ಮುಂದೆಯೇ ನಿಂತಳು. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಸೌಟಿನಲ್ಲಿತ್ತು.

ಮೊದಲನೆಯ ದೋಸೆ ಕಾವಲಿ ಬಿಡಲಿಲ್ಲ. ಎರಡನೆಯದು ಮೊದಲನೆಯದನ್ನು ಬಿಡಲಿಲ್ಲ. ಬೆಣ್ಣೆ ಹಾಕಿದರೆ ಸರಿಹೋದೀತೆಂದು ಇದ್ದಷ್ಟೂ ಹಾಕಿದೆ. ಹೊಗೆಯೆದ್ದು ಅಲಾರಂ ಹೊಡೆದುಕೊಳ್ಳತೊಡಗಿತು. ವೇಯ್ನ್ ಕಾವಲಿಯನ್ನು ಬಗ್ಗಿ ನೋಡಿ, "ಇದೊಂದನ್ನು ನಾನು ನೋಡದೆಯೇ ನಂಬಬಹುದಿತ್ತು" ಎಂದ.

ನಾಚಿಕೆಯಿಂದ ಮಾತು ತಿರುಗಿಸಲು, ನಿಮ್ಮ ಮಿಸೌರಿಯಲ್ಲಿ ಗಂಡಸರು ಅಡುಗೆ ಮಾಡುತ್ತಾರೆಯೇ ಎಂದು ಕೇಳಿದೆ. "ಯಾರಿಗೆ ಗೊತ್ತು? ನನ್ನದು ನ್ಯೂಜೆರ್ಸಿ. ಮಿಸೌರಿಗೆ ನಾನು ಹೋಗಿಯೇ ಇಲ್ಲ. ಅದು ಮಾತಿಗೆ ಹೇಳುವುದು" ಎಂದ.

ನನಗೆ ರೇಗಿತು. ಕಾಲಿಡದ ಊರಿನ ಹೆಸರು ಹೇಳಿ ಇಷ್ಟು ದಿನ ನಮ್ಮನ್ನು ಹೆದರಿಸಿದನಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ, ಸುಧಾ ಆಗಲೇ ಅತಿಥಿಗಳಿಗೆ ಹೇಳುತ್ತಿದ್ದಳು: "ಅವರಿಗಿಂತ ನಮ್ಮೋರು ವಾಸಿ. ಅಜ್ಜಿ ಮನೇಲಿ ಹುಟ್ಟಿ ಮೂರು ತಿಂಗ್ಳು ದಾವಣಗೆರೇಲಿದ್ರು. ಬಾಣಂತನ ಮುಗೀತಿದ್ದಂಗೆ ಮೈಸೂರಿಗೆ ಶಿಫ್ಟ್. ಆಮೇಲೆ ಆ ಕಡೆ ತಲೆ ಹಾಕಿ ಮಲಗಿದ್ದೂ ಇಲ್ಲ."

ನಾನು ತಲೆ ತಗ್ಗಿಸಿ ಕಾವಲಿ ಕೆರೆಯತೊಡಗಿದೆ.